ಪುರಾಣ ಹೋಲಿಸುವುದನ್ನೇ ಬದುಕು ಮಾಡಿಕೊಳ್ಳಬಹುದಾ? ಅನುಭವ ಇದ್ದವರು ಹೇಳಿ

ಕೇಳಿದವಳು:

ನಮಸ್ಕಾರ. ಡಿಗ್ರಿ ಕೊನೇ ವರ್ಷದಲ್ಲಿದ್ದೇನೆ. ಬೇರೆ ಬೇರೆ ದೇಶಗಳ ಪುರಾಣಗಳನ್ನು ಪಕ್ಕಪಕ್ಕ ಇಟ್ಟು ಓದುವ ಹುಚ್ಚು ಹತ್ತಿದೆ. ಒಂದು ನೋಟ್‌ಬುಕ್ಕಿನಲ್ಲಿ ಇಲ್ಲಿಯವರೆಗೆ 140 ಹೋಲಿಕೆ ಬರೆದಿಟ್ಟಿದ್ದೇನೆ. ನಮ್ಮ ವರುಣ, ಗ್ರೀಕರ ಆಕಾಶದೇವರು ಊರಾನೊಸ್. ನಮ್ಮ ಅಮೃತ, ಅವರ ದೇವರುಗಳ ಆಹಾರ ಆಂಬ್ರೋಸಿಯಾ. ಹೀಗೆ. ಈಚೆಗೆ ಜಾರ್ಜ್ ಡ್ಯುಮೆಜಿಲ್ ಅನ್ನುವ ಫ್ರೆಂಚ್ ವಿದ್ವಾಂಸರ ಬಗ್ಗೆ ಓದಿದೆ. ಅವರ ಹಾಗೆ ಇದನ್ನೇ ಮಾಡಿಕೊಂಡಿರಬೇಕು ಅನ್ನಿಸಿದೆ. ಅಮ್ಮ ಮಾತ್ರ "ಅದೆಲ್ಲ ಸರಿ ಮಗಳೇ, ಹೊಟ್ಟೆಪಾಡಿಗೇನು?" ಅಂತಾರೆ. ಈ ದಾರಿಯಲ್ಲಿ ಹೋದವರು, ಹೋಗಿ ವಾಪಸ್ ಬಂದವರು, ಯಾರಾದರೂ ನಿಜ ಹೇಳಿ.

ವಾಪಸ್ ಬಂದವನು:

ವಾಪಸ್ ಬಂದವರು ಅಂತ ಕರೆದಿದ್ದಕ್ಕೆ ಬರೆಯುತ್ತಿದ್ದೇನೆ. ಮೊದಲು ನಿಮ್ಮ ಡ್ಯುಮೆಜಿಲ್ ವಿಷಯ, ಆಮೇಲೆ ನನ್ನ ಪುರಾಣ.

ನೀವು ಕೊಟ್ಟ ಎರಡು ಜೋಡಿಯ ಮೇಲೂ ಡ್ಯುಮೆಜಿಲ್ ಒಂದೊಂದು ಪುಸ್ತಕ ಬರೆದಿದ್ದಾರೆ. ತಮಾಷೆ ಏನು ಗೊತ್ತಾ, ಎರಡೂ ಅವರು ದಾರಿ ತಪ್ಪಿದ್ದ ಕಾಲದವು. ಹುಟ್ಟಿದ್ದು 1898, ಪ್ಯಾರಿಸ್. ಮೊದಲ ಮಹಾಯುದ್ಧದಲ್ಲಿ ಫಿರಂಗಿ ದಳದಲ್ಲಿದ್ದು ಬಂದವರು. 1924ರಲ್ಲಿ ಅಮೃತ, ಆಂಬ್ರೋಸಿಯಾ ಹಿಡಿದುಕೊಂಡೇ ಡಾಕ್ಟರೇಟ್ ಮಾಡಿದರು. ಆ ಎರಡು ಶಬ್ದಗಳ ನೆಂಟಸ್ತಿಕೆ ನಿಜ. ಎರಡರಲ್ಲೂ 'ಸಾವಿಲ್ಲದ್ದು' ಅನ್ನುವ ಒಂದೇ ಬೇರಿದೆ. ಆದರೆ ಅಷ್ಟರ ಮೇಲೆ ಅವರು ದೊಡ್ಡ ಕಥಾಚಕ್ರವನ್ನೇ ಕಟ್ಟಿದರು. ಅದು ನಿಲ್ಲಲಿಲ್ಲ. ಗುರು ಆಂಟ್ವಾನ್ ಮೆಯೆ ಆಗಿನ ಕಾಲದ ದೊಡ್ಡ ಭಾಷಾಶಾಸ್ತ್ರಜ್ಞ. ಅವರ ಬೆಂಬಲವೂ ಕೈತಪ್ಪಿತು. ಫ್ರಾನ್ಸಿನಲ್ಲಿ ಜಾಗವಿಲ್ಲ ಅಂತಾದ ಮೇಲೆ 1925ರಲ್ಲಿ ಇಸ್ತಾಂಬುಲ್‌ಗೆ ಪಾಠ ಮಾಡಲು ಹೋದರು. ಅಲ್ಲಿ ಆರು ವರ್ಷ, ಆಮೇಲೆ ಸ್ವೀಡನ್ನಿನ ಉಪ್ಸಾಲಾದಲ್ಲಿ ಎರಡು ವರ್ಷ. ಪ್ಯಾರಿಸ್‌ಗೆ ಮರಳಿದ ಮೇಲೆ 1934ರಲ್ಲಿ ಬಂದಿದ್ದು ವರುಣ ಮತ್ತು ಊರಾನೊಸ್ ಪುಸ್ತಕ. ನೆಂಟ ಭಾಷೆಗಳ ನಡುವೆ ಧ್ವನಿಗಳು ಹೇಗೆ ಬದಲಾಗುತ್ತವೆ ಅನ್ನುವ ನಿಯಮಕ್ಕೆ ಆ ಜೋಡಿ ಕೂರುವುದಿಲ್ಲ. ಕೇಳಲು ಒಂದೇ ಥರ, ಅಷ್ಟೇ.

ಅವರ ಕೈಗೆ ನಿಜವಾದ ಎಳೆ ಸಿಕ್ಕಿದ್ದು 1938ರಲ್ಲಿ. ಆಗ ವಯಸ್ಸು ನಲವತ್ತು! ರೋಮಿನಲ್ಲಿ ಜುಪಿಟರ್, ಮಾರ್ಸ್, ಕ್ವಿರಿನಸ್ ಅನ್ನುವ ಮೂರು ದೇವರಿಗೆ ಮೂವರು ಹಿರಿಯ ಪುರೋಹಿತರಿದ್ದರು. ಆ ಮೂರರ ಸಾಲನ್ನು ಬ್ರಾಹ್ಮಣ, ಕ್ಷತ್ರಿಯ, ವೈಶ್ಯ ಅನ್ನುವ ಸಾಲಿನ ಪಕ್ಕ ಇಟ್ಟು ನೋಡಿದರು. ದೇವರು ಮತ್ತು ಕಟ್ಟಳೆ ಒಂದು, ಕಾದಾಟ ಇನ್ನೊಂದು, ಬೆಳೆ-ದನ-ಸಂತಾನ ಮತ್ತೊಂದು. ಒಂದೊಂದೇ ಹೆಸರನ್ನು ಹೊಂದಿಸುವ ಆಟ ಬಿಟ್ಟು, ಇಡೀ ಸಾಲನ್ನು ಇಡೀ ಸಾಲಿನ ಜೊತೆ ಹೋಲಿಸಿದರು. ಅದಕ್ಕೆ ಮುಂಚೆ ಬರೆದಿದ್ದನ್ನು ಹೆಚ್ಚುಕಡಿಮೆ ತಾವೇ ಬದಿಗಿಟ್ಟರು. ಹದಿನಾಲ್ಕು ವರ್ಷದ ದುಡಿಮೆ ಅದು. ನನಗೆ ಅವರ ಬದುಕಿನಲ್ಲಿ ಎಲ್ಲಕ್ಕಿಂತ ದೊಡ್ಡದು ಅದೇ. ಕಾಲೇಜ್ ದ ಫ್ರಾನ್ಸ್‌ನಲ್ಲಿ ಪೀಠ ಸಿಕ್ಕಿದ್ದು 1949ರಲ್ಲಿ. ಫ್ರೆಂಚ್ ಅಕಾಡೆಮಿಗೆ ಆಯ್ಕೆಯಾದಾಗ ಎಂಬತ್ತು.

ಇನ್ನು ನಂದು. ಪ್ರಳಯದ ಕಥೆಗಳ ಮೇಲೆ ಸಂಶೋಧನೆಗೆ ಸೇರಿದ್ದೆ. ಮನುವಿನ ದೋಣಿ, ನೋಹನ ದೋಣಿ, ಬ್ಯಾಬಿಲೋನಿನ ದೋಣಿ ಅಂತ ಚೆಂದದ ಪಟ್ಟಿ ಮಾಡಿದ್ದೆ. ಎಲ್ಲ ಅನುವಾದದಲ್ಲಿ ಓದಿದ್ದು. ಒಂದು ಸಭೆಯಲ್ಲಿ ಹಿರಿಯರೊಬ್ಬರು "ಹೀಬ್ರೂನಲ್ಲಿ ಅಲ್ಲಿರುವ ಶಬ್ದ ಯಾವುದು?" ಅಂತ ಮೆಲ್ಲಗೆ ಕೇಳಿದರು. ನನಗೆ ಗೊತ್ತಿರಲಿಲ್ಲ. ಅವರೇ ಹೇಳಿದರು: 'ತೇವಾ'. ಅಂದರೆ ಪೆಟ್ಟಿಗೆ. ಕೂಸು ಮೋಶೆಯನ್ನು ನೀರಿಗೆ ಬಿಟ್ಟ ಬುಟ್ಟಿಗೂ ಅದೇ ಶಬ್ದ. ಶತಪಥ ಬ್ರಾಹ್ಮಣದಲ್ಲಿ ಮನು ಹತ್ತಿದ್ದು 'ನೌ', ನಿಜವಾದ ದೋಣಿ. ನಾನು 'ದೋಣಿ' ಅನ್ನುವ ಒಂದೇ ಶಬ್ದದ ಮೇಲೆ ಇಡೀ ಅಧ್ಯಾಯ ನಿಲ್ಲಿಸಿದ್ದೆ. ಮುಳುಗಿತು. ಮೂರು ತಿಂಗಳು ಆ ಕಾಗದಗಳನ್ನು ಮುಟ್ಟಲಿಲ್ಲ, ಆಮೇಲೆ ಬಿಟ್ಟೇಬಿಟ್ಟೆ. ಈಗ ಬ್ಯಾಂಕಿನಲ್ಲಿದ್ದೇನೆ. ರಾತ್ರಿ ಹೊತ್ತು ಹೀಬ್ರೂ ಕಲಿಯುತ್ತೇನೆ, ನಗಬೇಡಿ.

ಲ್ಯಾಟಿನ್ ಪಾಠ ಮಾಡುವವಳು:

ನಗಲಿಲ್ಲ ಸರ್. ನೀವು ಸರಿಯಾದ ಕಡೆಯಿಂದಲೇ ಮತ್ತೆ ಶುರು ಮಾಡಿದ್ದೀರಿ.

ನೋಡಮ್ಮ, ನಿನ್ನ ತಾಯಿ ಕೇಳಿದ್ದು ಸರಿಯಾದ ಪ್ರಶ್ನೆ. 'ಪುರಾಣ ಹೋಲಿಸುವವರು ಬೇಕಾಗಿದ್ದಾರೆ' ಅಂತ ಯಾರೂ ಜಾಹೀರಾತು ಹಾಕುವುದಿಲ್ಲ. ನನಗೆ ಸಂಬಳ ಬರುವುದು ವ್ಯಾಕರಣಕ್ಕೆ. ಪುರಾಣ ಉಳಿದ ಹೊತ್ತಿನಲ್ಲಿ. ಪುರಾಣ ಹೋಲಿಸುತ್ತಿದ್ದ ವಿದ್ವಾಂಸ ಮ್ಯಾಕ್ಸ್ ಮ್ಯುಲರ್ ಕಥೆಯೂ ಹೆಚ್ಚುಕಡಿಮೆ ಇದೇ. ಸಾಯಣ ಭಾಷ್ಯದ ಜೊತೆ ಋಗ್ವೇದ ಅಚ್ಚು ಹಾಕಿಸಲು ಈಸ್ಟ್ ಇಂಡಿಯಾ ಕಂಪನಿ ದುಡ್ಡು ಕೊಟ್ಟಿತು. ಆ ಕೆಲಸ 1849ರಿಂದ 1874ರವರೆಗೆ ಎಳೆಯಿತು. ಮಧ್ಯೆ 1860ರಲ್ಲಿ ಆಕ್ಸ್‌ಫರ್ಡಿನ ಸಂಸ್ಕೃತ ಪೀಠದ ಚುನಾವಣೆಯಲ್ಲಿ ಮೋನಿಯರ್ ವಿಲಿಯಮ್ಸ್ ಎದುರು ಸೋತರು.

ಅದಕ್ಕೇ ಹೇಳುವುದು, ಒಂದು ಹಳೆಯ ಭಾಷೆಯನ್ನು ಪಾಠ ಹೇಳುವಷ್ಟು ಗಟ್ಟಿಯಾಗಿ ಕಲಿ. ಎರಡನೆಯದು ನಿಘಂಟು ಹಿಡಿದು ಓದುವಷ್ಟಾದರೂ ಬರಲಿ. ಹೋಲಿಕೆ ಆಮೇಲೆ. ಯಾಕೆ ಅಂದರೆ ಕಿವಿ ಮೋಸ ಮಾಡುತ್ತದೆ. ಲ್ಯಾಟಿನ್ನಿನ 'ದೇಉಸ್', ಗ್ರೀಕಿನ 'ಥೆಯೊಸ್', ಎರಡಕ್ಕೂ ದೇವರು ಅಂತಲೇ ಅರ್ಥ. ಅಣ್ಣತಮ್ಮ ಅನ್ನಿಸುತ್ತದೆ ಅಲ್ವಾ? ಸಂಬಂಧವೇ ಇಲ್ಲ. 'ದೇಉಸ್' ನಮ್ಮ 'ದೇವ'ನ ನೆಂಟ. 'ಥೆಯೊಸ್' ಬೇರೆಯೇ ಮನೆಯದು. ಅದೇ 'ಜುಪಿಟರ್' ಮತ್ತು ವೇದದ 'ದ್ಯೌಃ ಪಿತಾ' ಕಿವಿಗೆ ಎಷ್ಟು ದೂರ! ಅವು ಮಾತ್ರ ಒಂದೇ ಶಬ್ದ.

ಇಸ್ತಾಂಬುಲ್ ವಾಸವನ್ನು ವನವಾಸ ಅಂದುಕೊಳ್ಳಬೇಡ. ಡ್ಯುಮೆಜಿಲ್‌ಗೆ ಕಪ್ಪು ಸಮುದ್ರದ ಪಕ್ಕದ ಕಾಕಸಸ್ ಬೆಟ್ಟನಾಡಿನ ಭಾಷೆಗಳು ದಕ್ಕಿದ್ದು ಅಲ್ಲೇ. ಉಬಿಖ್ ಅಂತ ಒಂದು ಭಾಷೆ. 1864ರಲ್ಲಿ ರಷ್ಯಾ ಗೆದ್ದ ಮೇಲೆ ಕಾಕಸಸ್ ಬಿಟ್ಟು ಟರ್ಕಿಗೆ ಬಂದವರದ್ದು. ಎಂಬತ್ತಕ್ಕೂ ಜಾಸ್ತಿ ವ್ಯಂಜನ, ಸ್ವರ ಎರಡೋ ಮೂರೋ. ವಯಸ್ಸಾದ ಮೇಲೂ ಡ್ಯುಮೆಜಿಲ್ ಆ ಭಾಷೆ ಆಡುತ್ತಿದ್ದ ತೆವ್ಫಿಕ್ ಎಸೆಂಚ್ ಜೊತೆ ಕೂತು ಅದನ್ನು ಬರೆದುಕೊಂಡರು. ಎಸೆಂಚ್ 1992ರಲ್ಲಿ ತೀರಿಕೊಂಡರು. ಅಲ್ಲಿಗೆ ಆ ಭಾಷೆ ಆಡುವವರು ಯಾರೂ ಉಳಿಯಲಿಲ್ಲ. ಮೂರರ ಸಿದ್ಧಾಂತ ನಾಳೆ ಪೂರ್ತಿ ಬಿದ್ದುಹೋದರೂ ಆ ಟಿಪ್ಪಣಿಗಳಿಗೆ ಏನೂ ಆಗುವುದಿಲ್ಲ.

ಮೂರನ್ನು ನಂಬದವನು:

ಬೀಳುವ ವಿಷಯ ಬಂದಿದ್ದಕ್ಕೆ ಒಂದು ಮಾತು. ಮೂರು ಎಲ್ಲಿ ಹುಡುಕಿದರೂ ಸಿಗುತ್ತದೆ. 1959ರಲ್ಲಿ ಲಂಡನ್ನಿನ ಸಂಸ್ಕೃತ ಪ್ರಾಧ್ಯಾಪಕ ಜಾನ್ ಬ್ರಫ್ ಇದೇ ಸೂತ್ರ ಹಿಡಿದು ಬೈಬಲ್ಲಿನ ಹಳೆಯ ಒಡಂಬಡಿಕೆಯಲ್ಲೂ ಮೂರು ಮೂರು ಹುಡುಕಿ ತೋರಿಸಿದರು. ಸಂಸ್ಕೃತ, ಲ್ಯಾಟಿನ್, ಗ್ರೀಕ್ ಒಂದೇ ಭಾಷಾ ಕುಟುಂಬದವು, ಹೀಬ್ರೂ ಆ ಕುಟುಂಬದ್ದೇ ಅಲ್ಲ. ಡ್ಯುಮೆಜಿಲ್ ಸುಮ್ಮನಿರಲಿಲ್ಲ, ಉತ್ತರ ಕೊಟ್ಟರು. ನನಗೇನೂ ಸಮಾಧಾನ ಆಗಲಿಲ್ಲ.

ವಾಪಸ್ ಬಂದವನು:

ಒಪ್ಪಿದೆ. ಅದಕ್ಕೇ ನನಗೆ ಮೂರಕ್ಕಿಂತ ಅವರ ಒಂದು ಜೋಡಿ ಇಷ್ಟ. ರೋಮಿನ ಇತಿಹಾಸದಲ್ಲಿ ಕೋಕ್ಲೆಸ್ ಅನ್ನುವ ಒಕ್ಕಣ್ಣ ಸೇತುವೆ ಮೇಲೆ ನಿಂತು, ನೋಟದಲ್ಲೇ ಹೆದರಿಸಿ ಶತ್ರುಗಳನ್ನು ತಡೆಯುತ್ತಾನೆ. ಅದೇ ಯುದ್ಧದಲ್ಲಿ ಸ್ಕೇವೊಲಾ ಶತ್ರುರಾಜನ ಮುಂದೆ ಬಲಗೈಯನ್ನು ಬೆಂಕಿಗೆ ಇಡುತ್ತಾನೆ. ಉತ್ತರ ಯುರೋಪಿನ ಕಥೆಯಲ್ಲಿ ಓಡಿನ್ ಜ್ಞಾನಕ್ಕಾಗಿ ಕಣ್ಣು ಕೊಟ್ಟವನು, ತೀರ್ ಒತ್ತೆಯಾಗಿ ತೋಳದ ಬಾಯಿಗೆ ಕೈ ಇಟ್ಟು ಕಳೆದುಕೊಂಡವನು. ಒಕ್ಕಣ್ಣರು ಜಗತ್ತಿನ ತುಂಬ ಇದ್ದಾರೆ. ಒಕ್ಕಣ್ಣ, ಒಕ್ಕೈಯವ ಇಬ್ಬರೂ ಅಕ್ಕಪಕ್ಕ, ಒಂದೇ ಸಂಕಟದಲ್ಲಿ ಬರುವುದು ಅಪರೂಪ.

ಪಾಂಡವರ ಮಾತೂ ಇದೆ. ಐವರನ್ನೂ ಇದೇ ಮೂರರ ಸಾಲಿಗೆ ಹೊಂದಿಸುವುದನ್ನು ಸ್ವೀಡನ್ನಿನ ವಿದ್ವಾಂಸ ವಿಕಾಂಡರ್ 1947ರಲ್ಲಿ ಶುರು ಮಾಡಿದರು, ಡ್ಯುಮೆಜಿಲ್ ಬೆಳೆಸಿದರು. ವಿರಾಟನ ಅರಮನೆಯಲ್ಲಿ ಧರ್ಮರಾಯ ಕಂಕಭಟ್ಟ, ನಕುಲ ಕುದುರೆ ಲಾಯಕ್ಕೆ, ಸಹದೇವ ದನದ ಹಟ್ಟಿಗೆ. ಚೆನ್ನಾಗಿ ಕೂರುತ್ತದೆ. ಅರ್ಜುನ ಬೃಹನ್ನಳೆಯಾಗಿ ನಾಟ್ಯ ಕಲಿಸಿದ್ದು ಮಾತ್ರ ನನ್ನ ತಲೆಯಲ್ಲಿ ಈ ಲೆಕ್ಕಕ್ಕೆ ಸುಲಭವಾಗಿ ಕೂರಲ್ಲ.

ಕೇಳಿದವಳು:

ಎಲ್ಲರಿಗೂ ಥ್ಯಾಂಕ್ಸ್. ವರುಣ-ಊರಾನೊಸ್ ಹೊಡೆದುಹಾಕಿದೆ, ಕೈ ನಡುಗಿತು. ಲೈಬ್ರರಿಯಲ್ಲಿ ನಿಘಂಟು ಇಟ್ಟುಕೊಂಡು ಮೊದಲ ಇಪ್ಪತ್ತನ್ನು ನೋಡಿದೆ. ಮೂರು ಉಳಿದವು. ಸಂಸ್ಕೃತ ಪಾಠಕ್ಕೆ ಹೆಸರು ಕೊಟ್ಟು ಬಂದೆ. ಮುಂದೆ ಅದನ್ನೇ ಪಾಠ ಮಾಡಬಹುದು ಅಂದಿದ್ದಕ್ಕೆ ಅಮ್ಮ ಸದ್ಯಕ್ಕೆ ಸುಮ್ಮನಾಗಿದ್ದಾರೆ.

ಲ್ಯಾಟಿನ್ ಪಾಠ ಮಾಡುವವಳು:

ಇಪ್ಪತ್ತಕ್ಕೆ ಮೂರಾ? ಜಾಸ್ತಿಯೇ ಆಯಿತು. ಯಾವುವು ಅಂತ ಬರಿ, ನೋಡೋಣ.