ಲಾಕ್‌ರಿಂಗ್ ಯಾವ ಕಡೆಗೆ ತಿರುಗಬೇಕು?

ಸುಧೀಂದ್ರ ದೊಡ್ಡಪ್ಪ: ನಾನು ಈ ಗುಂಪಿಗೆ ಹಾಕಿದ ವಿಡಿಯೋವನ್ನು ಎಲ್ಲರೂ ನೋಡಿರಿ. ಸೈಕಲ್ ಚಕ್ರದ ನಡುಭಾಗವಾದ ಹಬ್‌ನಲ್ಲಿ ಹಲ್ಲುಚಕ್ರವನ್ನು ಬಿಗಿದಿಡುವ ಲಾಕ್‌ರಿಂಗ್ ಜಾಮಾದರೆ, ಅದನ್ನು ಬಿಚ್ಚಲು ಅದರ ಕಚ್ಚಿಗೆ ಉಳಿಯಿಟ್ಟು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಸುತ್ತಿಗೆಯಿಂದ ಬಡಿಯಬೇಕೆಂದು ತೋರಿಸಿದ್ದಾರೆ. ಲಾಕ್‌ರಿಂಗ್ ಬಿಚ್ಚಲು ಬಾರದಿರುವ ನಿಖಿಲನ ಸೈಕಲ್ಲಿಗೂ ಇದೇ ಮದ್ದು.

ಅಪೂರ್ವ: ದೊಡ್ಡಪ್ಪ, ಆ ದಿಕ್ಕು ವಿಡಿಯೋದಲ್ಲಿರುವ ಚಕ್ರಕ್ಕೆ ಸರಿ. ಅದು ಫ್ರೀವೀಲ್ ಇಲ್ಲದ, ಅಂದರೆ ಚಕ್ರದೊಡನೆ ಪೆಡಲೂ ತಿರುಗುತ್ತಲೇ ಇರುವ, ಟ್ರ್ಯಾಕ್ ಹಬ್. ಸವಾರನು ಪೆಡಲನ್ನು ಹಿಂದಕ್ಕೆ ಒತ್ತಿ ವೇಗ ತಗ್ಗಿಸುವಾಗ ಹಲ್ಲುಚಕ್ರ ಬಿಚ್ಚಿಕೊಳ್ಳದಿರಲೆಂದು ಅಲ್ಲಿನ ಲಾಕ್‌ರಿಂಗಿಗೆ ಎಡ ಥ್ರೆಡ್ (ಎಡಕ್ಕೆ ತಿರುಗಿಸಿದರೆ ಬಿಗಿಯಾಗುವ ತಿರುಪಿನ ಸುತ್ತು) ಕೊಟ್ಟಿರುತ್ತಾರೆ. ನಿಖಿಲನದು ಶಿಮಾನೋ ಕಂಪನಿಯ ಕ್ಯಾಸೆಟ್, ಅಂದರೆ ಹಲವು ಹಲ್ಲುಚಕ್ರಗಳ ಗೊಂಚಲು; ಅದರ ಲಾಕ್‌ರಿಂಗಿನದು ಬಲ ಥ್ರೆಡ್. ಅದನ್ನು ಬಲಕ್ಕೆ ತಿರುಗಿಸಿದಷ್ಟೂ ಬಿಗಿಯಾಗುತ್ತದೆ. ಅವನು ಕಳಿಸಿದ ಫೋಟೋವನ್ನು ದೊಡ್ಡದು ಮಾಡಿ ನೋಡಿ: ರಿಂಗಿನ ಮೇಲೆ ‘ಲಾಕ್’ ಎಂಬ ಬರಹ, ಒಂದು ಬಾಣ, 40 ನ್ಯೂಟನ್-ಮೀಟರ್ ಎಂಬ ಅಂಕಿ ಇವೆ. ಬಾಣ ತೋರಿಸುವುದು ಬಿಗಿಯುವ ದಿಕ್ಕನ್ನು.

ಸುಧೀಂದ್ರ ದೊಡ್ಡಪ್ಪ: ಹಾಗಾದರೆ ಎಡಕ್ಕೆ ಬಡಿದರಾಯಿತು, ಅದಕ್ಕಿಷ್ಟು ಭಾಷಣವೇಕೆ?

ಅಪೂರ್ವ: ಉಳಿ ಇಡಲು ಅಲ್ಲಿ ಜಾಗವೇ ಇಲ್ಲ. ಇದರ ಕಚ್ಚುಗಳಿರುವುದು ರಿಂಗಿನ ಒಳಸುತ್ತಿನಲ್ಲಿ. ಅದಕ್ಕೆ ಹೊಂದುವ ಟೂಲನ್ನೇ ಕೂರಿಸಬೇಕು. 40 ನ್ಯೂಟನ್-ಮೀಟರ್ ಎಂದರೆ ಒಂದಡಿ ಉದ್ದದ ಪಾನಾದ ತುದಿಗೆ ಹದಿಮೂರು ಕಿಲೋಗಿಂತ ತುಸು ಹೆಚ್ಚು ಭಾರ ತೂಗುಹಾಕಿದಷ್ಟು ಬಿಗಿ. ಅದರ ಮೇಲೆ ಮಲ್ಪೆಯ ಉಪ್ಪುಗಾಳಿಯ ತುಕ್ಕು ಬೇರೆ ಸೇರಿದೆ, ಆದ್ದರಿಂದ ಥ್ರೆಡ್ಡಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡುವುದು ಲೇಸು.

ಮಾಲತಿ ಅತ್ತೆ: ಅಂಗಡಿಯವರು ಚೈನ್ ತುಂಡು ಜೋಡಿಸಿದ ಹಿಡಿಕೆಯೊಂದು ಬೇಕೆಂದರು. ಎಣ್ಣೆ ಹಾಕಿದ ಮೇಲೂ ಅದು ಬೇಕೆ?

ಅಪೂರ್ವ: ಬೇಕೇ ಬೇಕು ಅತ್ತೆ. ಎಡಕ್ಕೆ ತಿರುಗಿಸಿದರೆ ಫ್ರೀಹಬ್ (ಹಲ್ಲುಚಕ್ರಗಳು ಕೂರುವ, ಹಿಂದಕ್ಕೆ ಸಲೀಸಾಗಿ ತಿರುಗುವ ಭಾಗ) ಹಲ್ಲುಚಕ್ರಗಳ ಸಮೇತ ತಾನೂ ತಿರುಗಿಬಿಡುತ್ತದೆ. ಆ ಹಿಡಿಕೆಯನ್ನು, ಅಂದರೆ ಚೈನ್ ವಿಪ್ಪನ್ನು, ಹಲ್ಲುಚಕ್ರಕ್ಕೆ ಸುತ್ತಿ ಹಿಡಿದರಷ್ಟೇ ಪಾನಾದ ಬಲ ರಿಂಗಿಗೆ ತಲುಪುತ್ತದೆ.

ಸುಧೀಂದ್ರ ದೊಡ್ಡಪ್ಪ: ಪಾನಾಕ್ಕೆ ಕಬ್ಬಿಣದ ಪೈಪ್ ತೊಡಿಸಿದರೆ ಅದಕ್ಕೂ ತಕರಾರಿದೆಯೋ?

ಅಪೂರ್ವ: ಇಲ್ಲ, ಅದು ಒಳ್ಳೆಯ ಉಪಾಯ. ಆದರೆ ಪೈಪಿನ ಬಲಕ್ಕೆ ಟೂಲ್ ಜಾರಿದರೆ ಒಳಗಿನ ಕಚ್ಚುಗಳು ಸವೆದುಹೋಗುತ್ತವೆ. ಕ್ವಿಕ್ ರಿಲೀಸ್ ಕಡ್ಡಿಯನ್ನು (ಚಕ್ರವನ್ನು ಸೈಕಲ್ಲಿಗೆ ಬಿಗಿಯುವ ಕಡ್ಡಿ) ಹಬ್ ಮತ್ತು ಟೂಲಿನ ಮೂಲಕ ತೂರಿಸಿ, ನಟ್ ಬಿಗಿದು, ಟೂಲ್ ಅಲುಗದಂತೆ ಮಾಡಿಕೊಳ್ಳಬೇಕು. ರಿಂಗ್ ಮೊದಲು ಕದಲುವಾಗ ಕರಕರ ಸದ್ದು ಬಂದರೆ ನಿಖಿಲ ಗಾಬರಿಯಾಗುವುದು ಬೇಡ, ಅದರ ಕೆಳಗಿನ ಗೀರುಗಳು ಚಿಕ್ಕ ಹಲ್ಲುಚಕ್ರದಿಂದ ಬಿಡಿಸಿಕೊಳ್ಳುವ ಸದ್ದು ಅದು. ಆ ಸದ್ದು ಬಂದೊಡನೆ ಕಡ್ಡಿಯ ನಟ್ ಸಡಿಲಿಸಲಿ; ಇಲ್ಲದಿದ್ದರೆ ಹೊರಬರುತ್ತಿರುವ ರಿಂಗಿಗೆ ಅದೇ ಅಡ್ಡವಾಗುತ್ತದೆ.