ಅರ್ಜಿ ಹಾಕುವ ಮೊದಲು ವಿಶ್ವವಿದ್ಯಾಲಯ ನೋಡಿಬರಲು ಪ್ರವಾಸಿ ವೀಸಾ: ಹೋಗಿಬಂದವರ ಅನುಭವ

ಕೋರಿಕೆ, ಹಾಸನದ ಒಬ್ಬ ತಾಯಿಯಿಂದ:
ನಮ್ಮ ಮಗಳು ಮೆಕ್ಯಾನಿಕಲ್ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಾಳೆ. ಜರ್ಮನಿಯಲ್ಲಿ ಅಥವಾ ಅಮೆರಿಕದಲ್ಲಿ ಎಂ.ಎಸ್. ಮಾಡಬೇಕೆಂಬುದು ಅವಳ ಆಸೆ. ಅರ್ಜಿ ಹಾಕುವ ಮೊದಲೇ ಪ್ರವಾಸಿ ವೀಸಾದಲ್ಲಿ ಹೋಗಿ ವಿಶ್ವವಿದ್ಯಾಲಯಗಳನ್ನು ಕಣ್ಣಾರೆ ನೋಡಿಬರುವುದು ಒಳಿತೇ? ಮುಂದೆ ವಿದ್ಯಾರ್ಥಿ ವೀಸಾಕ್ಕೆ ಅದರಿಂದ ತೊಡಕಾದೀತೇ? ಹೋಗಿಬಂದವರು ದಯವಿಟ್ಟು ತಿಳಿಸಿ.

ಮೈಸೂರಿನ ಒಬ್ಬ ತಂದೆ:
ನಮಸ್ಕಾರ ಮೇಡಂ. ನಾನು ಮತ್ತು ನನ್ನ ಮಗ 2024ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಆಖೆನ್ ಮತ್ತು ಮ್ಯೂನಿಕ್ ನಗರಗಳಿಗೆ ಹೋಗಿಬಂದೆವು. ನೋಡಿಬರಲು ಪ್ರವಾಸಿ ವೀಸಾ ಸಾಕು, ಓದಲು ಸಾಲದು. ನಮಗೆ ಸಲಹೆ ಕೊಟ್ಟ ಏಜೆಂಟರೊಬ್ಬರು, ಪ್ರವೇಶ ಸಿಕ್ಕರೆ ಅಲ್ಲಿಯೇ ವೀಸಾ ಬದಲಾಯಿಸಿಕೊಳ್ಳಬಹುದು ಎಂದು ಹೇಳಿದ್ದರು. ಅದು ತಪ್ಪು ಮಾಹಿತಿ. ಷೆಂಗೆನ್ ವೀಸಾದಲ್ಲಿ (ಜರ್ಮನಿಯೂ ಸೇರಿದಂತೆ ಯೂರೋಪಿನ ಹಲವು ದೇಶಗಳಿಗೆ ನಡೆಯುವ ಅಲ್ಪಾವಧಿ ವೀಸಾ ಇದು) ಹೋದ ಭಾರತೀಯರು ಊರಿಗೆ ಮರಳಿಯೇ, ನಮ್ಮ ಅಂಕಪಟ್ಟಿ, ಪದವಿಗಳು ಅಸಲಿಯೆಂದು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ, ವರ್ಷದ ಖರ್ಚಿಗೆಂದು 11,904 ಯೂರೊ ತುಂಬಿದ, ತಿಂಗಳಿಗಿಷ್ಟೇ ಎಂದು ತೆಗೆಯಲು ಬಿಡುವ ಬ್ಲಾಕ್ಡ್ ಅಕೌಂಟ್ (ನಾವು ಹೋದ ತಿಂಗಳಿನಿಂದ ಜಾರಿಗೆ ಬಂದ ಮೊತ್ತವಿದು) ಮುಂತಾದುವುಗಳೊಂದಿಗೆ ವಿದ್ಯಾರ್ಥಿ ವೀಸಾಕ್ಕೆ ಹೊಸದಾಗಿ ಅರ್ಜಿ ಹಾಕಬೇಕು.

ಷೆಂಗೆನ್ ವೀಸಾದ ಶುಲ್ಕ ತಲಾ 90 ಯೂರೊ ಇತ್ತು. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಪ್ರವಾಸದ ಉದ್ದೇಶವನ್ನು ವಿವರಿಸುವ ಪತ್ರದಲ್ಲಿ, ಮಗ ಮುಂದೆ ಓದಬಯಸುವ ಎರಡು ವಿಶ್ವವಿದ್ಯಾಲಯಗಳನ್ನು ನೋಡಲು ಹೋಗುತ್ತಿದ್ದೇವೆ ಎಂದು ಮುಚ್ಚುಮರೆಯಿಲ್ಲದೆ ಬರೆದು, ಅಲ್ಲಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ವಿಭಾಗದಿಂದ ಬಂದ ಇಮೇಲನ್ನು ಜೊತೆಗಿಟ್ಟಿದ್ದೆವು.

ನಾವು ಎಡವಿದ್ದು ಹೋಗುವ ತಿಂಗಳನ್ನು ಆರಿಸುವುದರಲ್ಲಿ. ಜರ್ಮನಿಯಲ್ಲಿ ಚಳಿಗಾಲದ ಸೆಮಿಸ್ಟರಿನ ಪಾಠಗಳು ಅಕ್ಟೋಬರ್ ನಡುವಿನಿಂದ ಫೆಬ್ರವರಿ ಮೊದಲ ಭಾಗದವರೆಗೂ, ಬೇಸಿಗೆಯವು ಏಪ್ರಿಲ್‌ನಿಂದ ಜುಲೈವರೆಗೂ ನಡೆಯುತ್ತವೆ. ಸೆಪ್ಟೆಂಬರಿನಲ್ಲಿ ಪಾಠದ ಕೊಠಡಿಗಳೆಲ್ಲ ಖಾಲಿಯಾಗಿದ್ದವು, ನಾವು ಪತ್ರ ಬರೆದಿದ್ದ ಪ್ರಾಧ್ಯಾಪಕರು ರಜೆಯಲ್ಲಿದ್ದರು. ಆದರೆ ಅಲ್ಲಿ ಅನೇಕ ಪರೀಕ್ಷೆಗಳು ಪಾಠಗಳಿಲ್ಲದ ಈ ಅವಧಿಯಲ್ಲಿಯೇ ನಡೆಯುವುದರಿಂದ ಆಖೆನ್‌ನ ಗ್ರಂಥಾಲಯದಲ್ಲಿ ಕೂರಲು ಜಾಗವಿರಲಿಲ್ಲ. ಮೆನ್ಸಾ ಎಂದು ಕರೆಯುವ ವಿದ್ಯಾರ್ಥಿಗಳ ಊಟದ ಮನೆಯಲ್ಲಿ ಉಡುಪಿಯ ಕಡೆಯ ಹುಡುಗನೊಬ್ಬ ಸಿಕ್ಕಿ, ಪರೀಕ್ಷೆಯ ನಡುವೆಯೂ ನಮ್ಮೊಡನೆ ಒಂದು ಗಂಟೆ ಕುಳಿತು, ಹಾಸ್ಟೆಲ್ ಕೊಠಡಿಗೆ ತಿಂಗಳುಗಟ್ಟಲೆ ಕಾಯಬೇಕಾಗುವುದನ್ನೂ, ಪಾಠ ಇಂಗ್ಲಿಷಿನಲ್ಲಿದ್ದರೂ ಮನೆ ಮಾಲೀಕರ ಜೊತೆ, ನಗರಸಭೆಯ ಕಚೇರಿಯಲ್ಲಿ, ಪಾರ್ಟ್‌ಟೈಮ್ ಕೆಲಸದಲ್ಲಿ ಜರ್ಮನ್ ಇಲ್ಲದೆ ನಡೆಯದಿರುವುದನ್ನೂ ವಿವರಿಸಿದ. ಊರಿಗೆ ಮರಳಿದ ತಿಂಗಳಲ್ಲೇ ನನ್ನ ಮಗ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದ ಜರ್ಮನ್ ತರಗತಿಗೆ ಸೇರಿದ್ದು ಆ ಒಂದು ಗಂಟೆಯ ಮಾತಿನಿಂದ. ಆ ಹುಡುಗನ ಉಪಕಾರವನ್ನು ನಾನು ಮರೆಯಲಾರೆ.

ಮ್ಯೂನಿಕ್ಕಿನ ತಾಂತ್ರಿಕ ವಿಶ್ವವಿದ್ಯಾಲಯ ನಗರದ ನಡುವೆಯೇ ಇದೆಯೆಂದು ಮಗ ಭಾವಿಸಿದ್ದ. ಮೆಕ್ಯಾನಿಕಲ್ ವಿಭಾಗ ಇರುವುದು ಊರ ಹೊರಗಿನ ಗಾರ್ಖಿಂಗ್‌ನಲ್ಲಿ. ನಗರದ ಮಧ್ಯಭಾಗದಿಂದ ಯು6 ಮೆಟ್ರೊದಲ್ಲಿ ಸುಮಾರು ಅರ್ಧ ಗಂಟೆ. ಪ್ರಯೋಗಾಲಯಗಳು ಬಹಳ ಚೆನ್ನಾಗಿವೆ, ಆದರೆ ಮನೆ ಬಾಡಿಗೆ ಆಖೆನ್‌ಗಿಂತ ತುಂಬಾ ಹೆಚ್ಚು. ಅದಲ್ಲದೆ 2024ರ ಚಳಿಗಾಲದ ಸೆಮಿಸ್ಟರಿನಿಂದ ಐರೋಪ್ಯ ಒಕ್ಕೂಟದ ಹೊರಗಿನ ಹೊಸ ವಿದ್ಯಾರ್ಥಿಗಳು ಅಲ್ಲಿ ಸ್ನಾತಕೋತ್ತರ ಓದಿಗೆ ಸೆಮಿಸ್ಟರೊಂದಕ್ಕೆ 4,000ದಿಂದ 6,000 ಯೂರೊ ಬೋಧನಾ ಶುಲ್ಕ ಕಟ್ಟಬೇಕು. ಶುಲ್ಕದ ವಿಷಯ ಮನೆಯಲ್ಲಿ ಕುಳಿತೇ ತಿಳಿಯಬಹುದಿತ್ತು, ನಿಜ. ಆದರೆ ಎರಡು ಊರುಗಳಲ್ಲೂ ನಾಲ್ಕು ನಾಲ್ಕು ದಿನ ಓಡಾಡಿದ ಮೇಲೆಯೇ ಮಗ ಆಖೆನ್ ಎಂದು ನಿಶ್ಚಯಿಸಿದ. ನನ್ನ ಮಾತು ಇಷ್ಟೇ: ಮಗಳು ಕಟ್ಟಡಗಳನ್ನು ನೋಡುವುದಕ್ಕಿಂತ, ಪಾಠ ನಡೆಯುವ ವಾರದ ಒಂದು ಸಾಮಾನ್ಯ ದಿನವನ್ನು ಅಲ್ಲಿನ ವಿದ್ಯಾರ್ಥಿಯಂತೆ ಕಳೆಯಲಿ.

ಹುಬ್ಬಳ್ಳಿಯವರು, ಈಗ ಷಿಕಾಗೊದಲ್ಲಿ ನೆಲೆಸಿರುವ ಗೃಹಿಣಿ:
ಅಕ್ಕ, ಅಮೆರಿಕದ ವಿಷಯ ನಾನು ಹೇಳುತ್ತೇನೆ. ನನ್ನ ಅಣ್ಣನ ಮಗಳು ಬಿ2 ಎಂಬ ಪ್ರವಾಸಿ ವೀಸಾದಲ್ಲಿ ನಮ್ಮಲ್ಲಿಗೆ ಬಂದಾಗ ಪರ್ಡ್ಯೂ ಮತ್ತು ಅರ್ಬಾನಾ-ಷಾಂಪೇನಿನ ಇಲಿನಾಯ್ ವಿಶ್ವವಿದ್ಯಾಲಯ ಎರಡನ್ನೂ ನೋಡಿದಳು. ಎರಡೂ ನಮ್ಮಿಂದ ಕಾರಿನಲ್ಲಿ ಎರಡರಿಂದ ಎರಡೂವರೆ ಗಂಟೆಯ ದಾರಿ. ಕ್ಯಾಂಪಸ್ ನೋಡುವುದಕ್ಕೆ ಬಿ2 ವೀಸಾದಲ್ಲಿ ಅಡ್ಡಿಯಿಲ್ಲ, ಪದವಿ ಕೋರ್ಸಿಗೆ ಸೇರಿ ತರಗತಿಗೆ ಕೂರುವಂತಿಲ್ಲ. ಅದಕ್ಕೆ ಎಫ್1 ಎಂಬ ವಿದ್ಯಾರ್ಥಿ ವೀಸಾ ಬೇಕು. ವೀಸಾ ಅಧಿಕಾರಿ ಕೇಳಿದಾಗ ಬರಿಯ ಸುತ್ತಾಟ ಎಂದು ಹೇಳಿಸಬೇಡಿ. ಓದುವ ಆಲೋಚನೆಯಿದೆ, ನೋಡಿಕೊಂಡು ಮರಳುತ್ತೇನೆ ಎಂದು ಅವಳು ಇದ್ದದ್ದನ್ನು ಇದ್ದಂತೆ ಹೇಳಲಿ. ಇಲ್ಲೊಂದು ಅಪಾಯವನ್ನು ನೀವು ತೂಗಿ ನೋಡಲೇಬೇಕು: ಬಿ2 ನಿರಾಕರಣೆಯಾದರೆ, ಮುಂದೆ ಎಫ್1 ಅರ್ಜಿ ತುಂಬುವಾಗ ಹಿಂದೆ ವೀಸಾ ನಿರಾಕರಣೆಯಾಗಿದೆಯೇ ಎಂಬ ಪ್ರಶ್ನೆಗೆ ಹೌದು ಎಂದೇ ಬರೆಯಬೇಕಾಗುತ್ತದೆ. ಬೇರೆ ಕಾರಣಕ್ಕೆ ಪಡೆದ ಬಿ2 ಈಗಾಗಲೇ ಕೈಯಲ್ಲಿದ್ದರೆ ಅವಶ್ಯವಾಗಿ ಬನ್ನಿ. ಕ್ಯಾಂಪಸ್ ನೋಡುವುದಕ್ಕೆಂದೇ ಹೊಸದಾಗಿ ಅರ್ಜಿ ಹಾಕುವುದನ್ನು ನಾನಾದರೆ ಮಾಡುತ್ತಿರಲಿಲ್ಲ. ಇನ್ನೊಂದು ಮಾತು. ಇಲ್ಲಿ ಪ್ರವೇಶ ಕಚೇರಿಯವರು ಏರ್ಪಡಿಸುವ ಕ್ಯಾಂಪಸ್ ಟೂರುಗಳು ಹೆಚ್ಚಾಗಿ ಬಿ.ಎಸ್. ಸೇರುವ ಮಕ್ಕಳಿಗಾಗಿ ಇರುತ್ತವೆ. ಎಂ.ಎಸ್. ಓದುವವರು ತಮ್ಮ ವಿಭಾಗದ ಗ್ರಾಜುಯೇಟ್ ಕಚೇರಿಗೆ ಮೊದಲೇ ಬರೆದು ದಿನ ಗೊತ್ತುಮಾಡಿಕೊಂಡರೆ ಪ್ರಯೋಗಾಲಯಗಳನ್ನು ನೋಡುವ ಅವಕಾಶ ಸಿಗಬಹುದು.

ಕುಂದಾಪುರದವಳು, ಸ್ಟುಟ್‌ಗಾರ್ಟ್‌ನಲ್ಲಿ ಓದಿದವಳು:
ನಾನು ನೋಡದೆಯೇ ಹೋದವಳು. ಅಪ್ಪ ಸಾಲ ಮಾಡಿ ಓದಿಸಿದರು. ಅದರ ಮೇಲೆ ಪ್ರವಾಸದ ಖರ್ಚನ್ನೂ ಹೊರಿಸಲು ನನಗೆ ಮನಸ್ಸಾಗಲಿಲ್ಲ. ಸ್ಟುಟ್‌ಗಾರ್ಟ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಐರೋಪ್ಯ ಒಕ್ಕೂಟದ ಹೊರಗಿನ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೊ ಶುಲ್ಕವಿದೆ. ಇಬ್ಬರ ವಿಮಾನ ಟಿಕೆಟ್ಟು, ವೀಸಾ, ವಸತಿ ಎಲ್ಲ ಸೇರಿಸಿದರೆ ಅದನ್ನು ಮೀರಿಬಿಡುತ್ತದೆ. ಹಣಕ್ಕೆ ತೊಂದರೆಯಿಲ್ಲದಿದ್ದರೆ ಹೋಗಿಬನ್ನಿ ಆಂಟಿ, ಆದರೆ ಸಾಲ ಮಾಡಿ ಹೋಗಬೇಡಿ. ಅದರ ಬದಲು ನಿಮ್ಮ ಮಗಳು ಓದಬಯಸುವ ಕೋರ್ಸಿನಲ್ಲೇ ಈಗ ಎರಡನೇ ವರ್ಷದಲ್ಲಿರುವ ಇಬ್ಬರನ್ನು ಹುಡುಕಿ ವೀಡಿಯೊ ಕರೆಯಲ್ಲಿ ಮಾತನಾಡಲಿ. ಕೊಠಡಿ ಎಷ್ಟು ದಿನಕ್ಕೆ ಸಿಕ್ಕಿತು, ಎಷ್ಟು ವಿಷಯಗಳಲ್ಲಿ ಅನುತ್ತೀರ್ಣರಾದರು, ಡಿಸೆಂಬರಿನಲ್ಲಿ ನಾಲ್ಕೂವರೆಗೇ ಕತ್ತಲಾಗುವ ದಿನಗಳನ್ನು ಹೇಗೆ ಕಳೆದರು, ಈ ಮೂರನ್ನು ಸಂಕೋಚವಿಲ್ಲದೆ ಕೇಳಲಿ.