ಸಹಾಯ ಬೇಕು: ಪೆಲೆಟ್ ಒಲೆಯ ನಿಜವಾದ ಶಾಖ ತಿಳಿಯುವುದು ಹೇಗೆ?

ನಮಸ್ಕಾರ. ನಮ್ಮ ಮನೆಯ ಪೆಲೆಟ್ ಒಲೆಯ (ಮರದ ಪುಡಿಯನ್ನು ಒತ್ತಿ ಮಾಡಿದ ಗುಳಿಗೆಗಳನ್ನು ಉರಿಸಿ ಕೋಣೆ ಬೆಚ್ಚಗಾಗಿಸುವ ಒಲೆ) ಮೇಲೆ 8 ಕಿಲೋವ್ಯಾಟ್ ಎಂದು ಬರೆದಿದೆ. ಅತಿ ಹೆಚ್ಚಿನ ಮಟ್ಟದಲ್ಲಿ ಉರಿಸಿದರೂ ಕೋಣೆ ಬೆಚ್ಚಗಾಗುತ್ತಿಲ್ಲ. ತೂಕ ಮಾಡಿ ತುಂಬಿಸಿ ನೋಡಿದೆ: ಗಂಟೆಗೆ ಸುಮಾರು 1.2 ಕಿಲೋ ಪೆಲೆಟ್ ಉರಿಯುತ್ತದೆ. ಒಣ ಮರದ ಪೆಲೆಟ್‌ನಲ್ಲಿ ಕಿಲೋಗೆ ಸುಮಾರು 4.8 ಕಿಲೋವ್ಯಾಟ್-ಗಂಟೆ ಶಕ್ತಿ ಇರುತ್ತದೆ. ದಕ್ಷತೆ ಶೇ 85 ಎಂದು ಹಿಡಿದರೂ ಕೋಣೆಗೆ ಸಿಗುವುದು 5 ಕಿಲೋವ್ಯಾಟ್‌ನ ಆಸುಪಾಸು ಮಾತ್ರ.

ಜ್ವಾಲೆ ಮಂಕಾಗಿ, ಕಡು ಕಿತ್ತಳೆ ಬಣ್ಣದಲ್ಲಿ ತೂಗಾಡುತ್ತದೆ. ಸಂಜೆಯೊಳಗೆ ಗಾಜಿಗೆ ಕಪ್ಪು ಮಸಿ ಹಿಡಿಯುತ್ತದೆ. ಹೀಗಾಗಿ ಉರಿಯಲು ಬೇಕಾದ ಗಾಳಿಯೂ ಸಾಲುತ್ತಿಲ್ಲವೆಂಬ ಅನುಮಾನ.

ನಿಜವಾದ ಶಾಖ ತಿಳಿಯಲು ಒಲೆಯಿಂದ ಕೋಣೆಗೆ ಬರುವ ಬಿಸಿಗಾಳಿಯ ಉಷ್ಣತೆಯೊಂದನ್ನೇ ನೋಡಿದರೆ ಪ್ರಯೋಜನವಿಲ್ಲ, ಆ ಗಾಳಿಯ ಪ್ರಮಾಣವೂ ಗೊತ್ತಿರಬೇಕು. ಅದನ್ನು ಮನೆಯಲ್ಲೇ ಅಳೆಯುವುದು ಹೇಗೆ? ಹೊಗೆ ಕೊಳವೆಯ ಉಷ್ಣತೆಯಿಂದ ನಷ್ಟವನ್ನು ಅಂದಾಜಿಸಬಹುದೇ? ಮನೆಯಲ್ಲಿ ಪುಟ್ಟ ಮಗುವಿದೆ. ಅನುಭವಿಗಳು ದಯವಿಟ್ಟು ಬೇಗ ತಿಳಿಸಿ.